ಹಳೆಯ ವೇಗದ ಕಾರು: ಮೂಲರೂಪಕ್ಕೆ ತರುವುದೋ, ಮಾರ್ಪಡಿಸುವುದೋ?

ಇಪ್ಪತ್ತೈದು, ಮೂವತ್ತು ವರ್ಷ ಹಳೆಯದಾದ ವೇಗದ ಕಾರೊಂದು ಕೈಗೆ ಬಂದ ಕೂಡಲೇ ಅದರ ಒಡೆಯನ ಸುತ್ತ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಸ್ಕ್ರೂ ಕೂಡ ಬದಲಿಸಬೇಡ, ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ ಮಾಡಿಸು ಎನ್ನುತ್ತದೆ ಒಂದು ಪಕ್ಷ. ಆ ಕಾಲದ ಬ್ರೇಕು, ಆ ಕಾಲದ ಸಸ್ಪೆನ್ಷನ್ ಇಟ್ಟುಕೊಂಡು ಏನು ಮಾಡುತ್ತೀಯ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ದೊಡ್ಡ ಟರ್ಬೊ ಹಾಕಿಸು ಎನ್ನುತ್ತದೆ ಇನ್ನೊಂದು. ಇಬ್ಬರೂ ಕಾಳಜಿಯಿಂದಲೇ ಹೇಳುತ್ತಾರೆ, ಇಬ್ಬರಲ್ಲೂ ತಿಳಿದವರಿರುತ್ತಾರೆ. ಆದರೆ ಇಬ್ಬರೂ ಆ ಕಾರಿನ ಅಡಿಗೆ ಹೋಗಿ ನೋಡುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ.

ಮೂಲರೂಪವೋ ಮಾರ್ಪಾಡೋ ಎಂಬ ಪ್ರಶ್ನೆಯನ್ನು ಹೆಚ್ಚಿನವರು ತೀರಾ ಬೇಗ ಕೇಳಿಕೊಳ್ಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಮೊದಲು ಎರಡು ಸಂಗತಿ ತಿಳಿಯಬೇಕು. ಕಾರಿನಲ್ಲಿ ಈಗ ಕಾಣುವ ಕೊರತೆಗಳಲ್ಲಿ ಎಷ್ಟು ಅದರ ಹುಟ್ಟುಗುಣ, ಎಷ್ಟು ಸವಕಳಿ? ಮಾಡಹೊರಟ ಕೆಲಸಗಳಲ್ಲಿ ಯಾವುದನ್ನು ನಾಳೆ ಬಿಚ್ಚಿ ಹಿಂದಿನಂತೆ ಮಾಡಬಹುದು, ಯಾವುದನ್ನು ಎಂದೂ ಸಾಧ್ಯವಿಲ್ಲ? ಇವೆರಡು ಸ್ಪಷ್ಟವಾದರೆ ಉಳಿದ ತೀರ್ಮಾನಗಳ ಹೆಚ್ಚಿನ ಪಾಲು ತಾವಾಗಿಯೇ ಬಗೆಹರಿಯುತ್ತವೆ.

ಮೊದಲು ಆರೋಗ್ಯ

ಹಳೆಯ ಕಾರು ಓಡಿಸಿದವರು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ. ಸ್ಟಿಯರಿಂಗ್ ಮಂದ, ತಿರುವಿನಲ್ಲಿ ಹಿಂಭಾಗ ಅಲ್ಲಾಡುತ್ತದೆ, ಬ್ರೇಕ್ ಮೆತ್ತಗೆ, ಗೇರ್ ಲಿವರ್ ಸಡಿಲ, ಎಂಜಿನ್ ಹೇಳಿಕೊಳ್ಳುವಷ್ಟು ಎಳೆಯುವುದಿಲ್ಲ. ಹೀಗಾಗಿ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ), ದೊಡ್ಡ ಬ್ರೇಕ್ ಕಿಟ್, ಹೊಸ ಟರ್ಬೊ ಎಂದು ಪಟ್ಟಿ ಬೆಳೆಯುತ್ತದೆ. ಆದರೆ ಅವರು ಓಡಿಸಿದ್ದು ಆ ಕಾರಿನ ವಿನ್ಯಾಸವನ್ನಲ್ಲ, ಅದರ ಮುದಿತನವನ್ನು.

ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ವರ್ಷಗಳು ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಕಾರು ಓಡಲಿ, ನಿಂತಿರಲಿ, ಇದು ತಪ್ಪುವುದಿಲ್ಲ. ಬುಷ್ ಹರಿದರೆ ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಭಾರ ಬಿದ್ದಾಗ ಚಕ್ರದ ಕೋನವೇ ಬದಲಾಗುತ್ತದೆ. ವೀಲ್ ಅಲೈನ್‌ಮೆಂಟ್ ಯಂತ್ರದ ಮೇಲೆ ಅಳತೆ ಸರಿಯಾಗಿಯೇ ಇರುತ್ತದೆ, ರಸ್ತೆಗೆ ಇಳಿದಾಗ ಇರುವುದಿಲ್ಲ. ಶಾಕ್ ಅಬ್ಸಾರ್ಬರ್ ಒಂದೇ ದಿನ ಕೈಕೊಡುವುದಿಲ್ಲವಾದ್ದರಿಂದ ಓಡಿಸುವವನು ಅದರ ಸೋಲಿಗೆ ಹೊಂದಿಕೊಂಡುಬಿಟ್ಟಿರುತ್ತಾನೆ. ಎಂಜಿನ್ ಮೌಂಟ್, ಗೇರ್‌ಬಾಕ್ಸ್ ಮೌಂಟ್ ಕುಸಿದಿದ್ದರೆ ಗೇರ್ ಹಾಕುವ ಅನುಭವವೇ ಕೆಡುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಹೆಚ್ಚಿದಂತೆ ಅದು ಕುದಿಯುವ ತಾಪಮಾನ ಇಳಿಯುತ್ತದೆ. ವೇಗದಲ್ಲಿ ಎರಡು ಮೂರು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೆಡಲ್ ಕೆಳಗಿಳಿಯಲು ಇಷ್ಟು ಸಾಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ಓದಬೇಕು: 2312 ಎಂದಿದ್ದರೆ ಅದು 2012ರ 23ನೇ ವಾರದ ಟೈರು. ಗೆರೆಗಳು ಆಳವಾಗಿಯೇ ಇರಬಹುದು, ರಬ್ಬರ್ ಮಾತ್ರ ಹಿಡಿತ ಕಳೆದುಕೊಂಡಿರುತ್ತದೆ.

ಆದ್ದರಿಂದ ಯಾವ ದಾರಿ ಹಿಡಿದರೂ ಮೊದಲ ಹಂತ ಒಂದೇ. ಮೂಲ ಅಳತೆಯ ಬುಷ್‌ಗಳು, ಒಳ್ಳೆಯ ಶಾಕ್ ಅಬ್ಸಾರ್ಬರ್‌ಗಳು, ಹೊಸ ಟೈರು, ಹೊಸ ದ್ರವಗಳು, ಇಂಧನ ಮತ್ತು ಕೂಲೆಂಟ್ ಹೋಸ್‌ಗಳು, ಬೆಲ್ಟ್‌ಗಳು, ಇಗ್ನಿಷನ್ ಭಾಗಗಳು, ಕೊನೆಗೆ ಅಲೈನ್‌ಮೆಂಟ್. ಇಷ್ಟು ಮಾಡಿಸಿ ಒಂದು ಋತುವಾದರೂ ಓಡಿಸಬೇಕು. ಹೀಗೆ ಮಾಡಿದವರಲ್ಲಿ ಎಷ್ಟೋ ಮಂದಿಯ ಮಾರ್ಪಾಡಿನ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಉಳಿದ ಅರ್ಧ ನಿಜವಾದ ಬಯಕೆ, ಅದಕ್ಕೆ ಗೌರವ ಕೊಡಬಹುದು.

ಮಾಜ್ದಾ ಆರ್‌ಎಕ್ಸ್-7ರ ಮೂರನೆಯ ಪೀಳಿಗೆ, ಅಭಿಮಾನಿಗಳು ಎಫ್‌ಡಿ ಎಂದು ಕರೆಯುವ ಕಾರು, ಇದಕ್ಕೆ ಬಹಳ ಒಳ್ಳೆಯ ನಿದರ್ಶನ. ಅದರ 13ಬಿ-ಆರ್‌ಇಡಬ್ಲ್ಯೂ ರೋಟರಿ ಎಂಜಿನ್ನಿಗೆ (ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ಎಂಜಿನ್) ಎರಡು ಟರ್ಬೊಗಳಿವೆ, ಆದರೆ ಅವು ಒಟ್ಟಿಗೆ ಶುರುವಾಗುವುದಿಲ್ಲ. ಕಡಿಮೆ ವೇಗದಲ್ಲಿ ಮೊದಲನೆಯದೊಂದೇ ಗಾಳಿ ತುಂಬುತ್ತದೆ. ನಿಮಿಷಕ್ಕೆ ಸುಮಾರು 4,500 ಸುತ್ತಿನ ಹೊತ್ತಿಗೆ ಎರಡನೆಯದು ಸೇರಿಕೊಳ್ಳುತ್ತದೆ. ಈ ಹಸ್ತಾಂತರವನ್ನು ನಡೆಸುವುದು ಸೊಲೆನಾಯ್ಡ್‌ಗಳು (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್‌ಗಳು) ಮತ್ತು ಎಂಜಿನ್ ತುಂಬ ಹೆಣೆದುಕೊಂಡ ಸಣ್ಣ ಸಣ್ಣ ವ್ಯಾಕ್ಯೂಮ್ ಹೋಸ್‌ಗಳು. ಎಂಜಿನ್ನಿನ ಬಿಸಿಗೆ ಆ ಹೋಸ್‌ಗಳು ಒಣಗಿ ಕಡ್ಡಿಯಂತಾಗುತ್ತವೆ. ಮುಟ್ಟಿದರೆ ಮುರಿಯುತ್ತವೆ, ಮುಟ್ಟದಿದ್ದರೆ ತುದಿಯಲ್ಲಿ ಸದ್ದಿಲ್ಲದೆ ಸೋರುತ್ತವೆ. ಒಂದು ಹೋಸ್ ಸೋರಿದರೆ ಸಾಕು, ಎರಡನೆಯ ಟರ್ಬೊ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಆಗ ಒಡೆಯನಿಗೆ ಸಿಗುವ ಸಲಹೆ ಎಂದರೆ ಈ ಜಂಜಾಟವನ್ನೆಲ್ಲ ಕಿತ್ತೆಸೆದು ಒಂದೇ ದೊಡ್ಡ ಟರ್ಬೊ ಹಾಕಿಸು ಎಂಬುದು.

ಆ ಸಲಹೆ ಪಾಲಿಸುವ ಮೊದಲು ಟರ್ಬೊ ತುಂಬುವ ಗಾಳಿಯ ಒತ್ತಡವನ್ನು, ಅಂದರೆ ಬೂಸ್ಟನ್ನು, ಅಳೆಯುವ ಒಂದು ಗೇಜ್ ಜೋಡಿಸಿ ನೋಡಬೇಕು. ಆರೋಗ್ಯವಾಗಿರುವ ಎಫ್‌ಡಿಯಲ್ಲಿ ಮುಳ್ಳು 10 ಪಿಎಸ್‌ಐ ತಲುಪಿ, ಹಸ್ತಾಂತರದ ಕ್ಷಣದಲ್ಲಿ 8ಕ್ಕೆ ಇಳಿದು, ಮತ್ತೆ 10ಕ್ಕೆ ಏರುತ್ತದೆ. ಈ 10-8-10 ಲಯ ತಪ್ಪಿದ್ದರೆ ತಪ್ಪನ್ನು ಮೊದಲು ಹೋಸ್‌ಗಳಲ್ಲಿ, ಸೊಲೆನಾಯ್ಡ್‌ಗಳಲ್ಲಿ ಹುಡುಕಬೇಕು. ಎಲ್ಲ ಹೋಸ್‌ಗಳನ್ನೂ ಸಿಲಿಕೋನಿನವಕ್ಕೆ ಬದಲಿಸುವುದು ತಾಳ್ಮೆ ಬೇಡುವ ಕೆಲಸ, ಕಷ್ಟದ ತಂತ್ರಜ್ಞಾನವೇನಲ್ಲ. ಅದಾದ ಮೇಲೆ ಕೆಳ ವೇಗದಲ್ಲಿ ಆ ಕಾರು ಎಳೆಯುವ ರೀತಿ ಒಂದೇ ದೊಡ್ಡ ಟರ್ಬೊ ಇರುವ ಕಾರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಎಲ್ಲ ತಿಳಿದ ಮೇಲೂ ಒಂಟಿ ಟರ್ಬೊ ಬೇಕೆಂದರೆ ಅದು ಆಯ್ಕೆ. ಸೋರುವ ಹೋಸ್ ಪತ್ತೆಯಾಗದೆ ಹಾಗೆ ಮಾಡಿಸಿದರೆ ಅದು ರಿಪೇರಿಯಿಂದ ತಪ್ಪಿಸಿಕೊಂಡಂತೆ.

ಕಾರು ಏನು ಹೇಳುತ್ತಿದೆ

ಪರೀಕ್ಷೆಯಲ್ಲಿ ಮೊದಲ ಸ್ಥಾನ ಕಾರಿನ ಬಾಡಿಯದು. ಎಂಜಿನ್ ಎಷ್ಟೇ ಹಾಳಾಗಿದ್ದರೂ ಬಿಚ್ಚಿ, ಬೋರ್ ಮಾಡಿಸಿ, ಹೊಸ ಬೇರಿಂಗ್ ಹಾಕಿ ಕಟ್ಟಬಹುದು. ತುಕ್ಕು ತಿಂದ ಬಾಡಿಯನ್ನು ಸರಿಮಾಡುವುದು ಗಂಟೆಗಟ್ಟಲೆ ಕೈಕೆಲಸ, ಒಂದು ತೂತು ಕಂಡಲ್ಲಿ ಒಳಗೆ ನಾಲ್ಕು ಇರುತ್ತವೆ. ದಪ್ಪ ಅಳೆಯುವ ಪೇಂಟ್ ಗೇಜ್ ಹಿಡಿದು ಪ್ರತಿ ಪ್ಯಾನಲ್ ಮೇಲೂ ಹಲವು ಕಡೆ ಓದಿ ನೋಡಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಅದರ ಎರಡರಷ್ಟಿದ್ದರೆ ಮತ್ತೆ ಬಣ್ಣ ಹೊಡೆದಿದ್ದಾರೆ, ಸಾವಿರ ದಾಟಿದರೆ ಒಳಗೆ ಪುಟ್ಟಿ ಇದೆ. ಬಾಗಿಲ ಕೆಳಗಿನ ಸಿಲ್‌ಗಳು, ಹಿಂದಿನ ಚಕ್ರದ ಕಮಾನು, ಜ್ಯಾಕ್ ಕೊಡುವ ಜಾಗಗಳು, ಗಾಜಿನ ರಬ್ಬರಿನ ಅಂಚು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ: ನೀರು ನಿಲ್ಲುವ ಈ ಜಾಗಗಳಲ್ಲೇ ಕಾರಿನ ನಿಜವಾದ ವಯಸ್ಸು ತಿಳಿಯುತ್ತದೆ.

ಎಂಜಿನ್ನಿಗೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯ ಜೊತೆಗೆ ಲೀಕ್‌ಡೌನ್ ಪರೀಕ್ಷೆಯನ್ನೂ ಮಾಡಿಸಬೇಕು, ನನಗೆ ಇದರ ಮೇಲೆಯೇ ಹೆಚ್ಚು ನಂಬಿಕೆ. ಪಿಸ್ಟನ್ ಮೇಲ್ತುದಿಯಲ್ಲಿ ನಿಂತಾಗ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಿಲಿಂಡರಿಗೆ ಒತ್ತಡದ ಗಾಳಿ ಕೊಟ್ಟು, ಎಷ್ಟು ಪಾಲು ಸೋರುತ್ತಿದೆ ಎಂದು ಅಳೆಯುವ ಪರೀಕ್ಷೆ ಇದು. ಇದರ ಚೆಲುವು ಇರುವುದು ಕಿವಿಗೆ ಸಿಗುವ ಉತ್ತರದಲ್ಲಿ. ಗಾಳಿಯ ಸದ್ದು ಥ್ರಾಟಲ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸೈಲೆನ್ಸರ್ ಕೊಳವೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ತುಂಬುವ ಬಾಯಿಯಿಂದ ಬಂದರೆ ರಿಂಗ್ ಸವೆದಿವೆ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ ಬಿಚ್ಚದೆಯೇ ಇಷ್ಟು ಗೊತ್ತಾಗುತ್ತದೆ. ಬಲ ಹೆಚ್ಚಿಸುವ ಮಾತು ಈ ಫಲಿತಾಂಶ ಕೈಗೆ ಬಂದ ಮೇಲೆಯೇ ಶುರುವಾಗಬೇಕು.

ಕೆಲವು ಪರೀಕ್ಷೆಗಳು ಪ್ರಶ್ನೆಯನ್ನೇ ಬುಡಮೇಲು ಮಾಡುತ್ತವೆ. 2000ರಿಂದ 2006ರವರೆಗೆ ತಯಾರಾದ ಬಿಎಂಡಬ್ಲ್ಯೂ ಇ46 ಎಂ3ಯ ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು) ಬಾಡಿಯ ತಳಕ್ಕೆ ನಾಲ್ಕು ಕಡೆ ಬೋಲ್ಟ್ ಆಗುತ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಅದರಲ್ಲೇ ಕೂರುವುದರಿಂದ ಪ್ರತಿ ಸಲ ಕ್ಲಚ್ ಬಿಟ್ಟಾಗ, ಆಕ್ಸಲರೇಟರ್ ಒತ್ತಿದಾಗ ಎಂಜಿನ್ನಿನ ತಿರುಚುಬಲವೆಲ್ಲ ಆ ತೆಳು ತಗಡಿನ ಮೇಲೆ ಬೀಳುತ್ತದೆ. ಕಾಲ ಕಳೆದಂತೆ ಬೋಲ್ಟ್ ಕೂರುವ ಜಾಗದ ಸುತ್ತ, ಸ್ಪಾಟ್ ವೆಲ್ಡ್‌ಗಳ ಅಂಚಿನಲ್ಲಿ ಕೂದಲೆಳೆಯ ಬಿರುಕು ಕಾಣಿಸುತ್ತದೆ. ಅಡಿಯ ರಕ್ಷಾಲೇಪ ಅದನ್ನು ಮುಚ್ಚಿಡುತ್ತದೆ. ಸಬ್‌ಫ್ರೇಮ್ ಇಳಿಸಿ, ಲೇಪ ಕೆರೆದು, ದೀಪ ಹಿಡಿದಾಗ ಮಾತ್ರ ಪೂರ್ತಿ ಚಿತ್ರ ಸಿಗುತ್ತದೆ.

ಈ ಬಿರುಕನ್ನು ಏನು ಮಾಡಬೇಕು? ಕಾರ್ಖಾನೆಯಲ್ಲಿ ಇದ್ದಂತೆಯೇ ತಗಡು ಬೆಸೆದು ಬಿಟ್ಟರೆ ಅದು ಶುದ್ಧ ಮೂಲರೂಪ. ಮತ್ತೆ ಅಲ್ಲೇ ಬಿರಿಯುವ ಮೂಲರೂಪ. ಅನುಭವಿಗಳು ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದು ಅದು ಮುಂದುವರಿಯದಂತೆ ತಡೆದು, ಬೆಸೆದು, ಮೇಲೆ ದಪ್ಪ ಉಕ್ಕಿನ ಪಟ್ಟಿ ಕೂರಿಸುತ್ತಾರೆ. ಇದು ಎಂಜಿನಿಯರುಗಳ ರೇಖಾಚಿತ್ರದಲ್ಲಿ ಇಲ್ಲದ ಭಾಗ, ಅಂದರೆ ಮಾರ್ಪಾಡು. ಬಿಚ್ಚಿ ತೆಗೆಯಲೂ ಆಗದ ಮಾರ್ಪಾಡು. ಆದರೂ ಮೂಲರೂಪದ ಕಟ್ಟಾ ಅಭಿಮಾನಿಗಳು ಕೂಡ ಇದನ್ನು ಮಾಡಿಸಿದ ಕಾರನ್ನೇ ಹುಡುಕುತ್ತಾರೆ. ಕಾರಿನ ಆಯಸ್ಸನ್ನು ಉಳಿಸುವ ಕೆಲಸ ಯಾವ ಪಕ್ಷಕ್ಕೆ ಸೇರಿದ್ದು ಎಂದು ಕೇಳುತ್ತ ಕೂರಬಾರದು ಎಂದು ಈ ಒಂದು ಉಕ್ಕಿನ ಪಟ್ಟಿಯನ್ನು ನೋಡಿದರೆ ಅರ್ಥವಾಗುತ್ತದೆ.

ಅದೇ ರೀತಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಆರ್32 ನೋಡಿ. 1989ರಲ್ಲಿ ಬಂದ ಈ ಕಾರಿನ 2.6 ಲೀಟರ್ ಆರ್‌ಬಿ26 ಎಂಜಿನ್ ದೊಡ್ಡ ಹೆಸರು ಮಾಡಿತು. ಆದರೆ ಅದರ ಟರ್ಬೊಗಳ ಟರ್ಬೈನ್ ಚಕ್ರ ಸಿರಾಮಿಕ್‌ನದು. ಹಗುರವಾದ್ದರಿಂದ ಬೇಗ ತಿರುಗುತ್ತದೆ, ಕಾರ್ಖಾನೆ ಇಟ್ಟದ್ದಕ್ಕಿಂತ ಹೆಚ್ಚು ಬೂಸ್ಟ್ ಕೊಟ್ಟರೆ ಒಡೆಯುತ್ತದೆ. ಆರಂಭದ ಎಂಜಿನ್‌ಗಳಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಕ್ರ್ಯಾಂಕಿನ ತುದಿ ಕಿರಿದಾಗಿದ್ದು, ಹೆಚ್ಚಿನ ಸುತ್ತಿನಲ್ಲಿ ಪಂಪ್ ಒಡೆದು ಇಡೀ ಎಂಜಿನ್ ಹೋಗುವ ಭಯವಿದೆ. ಎಂಜಿನ್ ಹೇಗೂ ಬಿಚ್ಚಿದ್ದಾಗ ಉಕ್ಕಿನ ಟರ್ಬೈನ್ ಇರುವ, ಹೊರಗಿನಿಂದ ಅದೇ ಆಕಾರದ ಟರ್ಬೊ ಮತ್ತು ಅಗಲವಾದ ಪಂಪ್ ಕಾಲರ್ ಹಾಕಿಸಿದರೆ ಬಾನೆಟ್ ಎತ್ತಿ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಮಾತ್ರ ಬಹಳ ಕಾಲ ಬಾಳುತ್ತದೆ. ಹಳೆಯ ವೇಗದ ಕಾರಿಗೆ ಮಾಡಬಹುದಾದ ಅತ್ಯುತ್ತಮ ಕೆಲಸಗಳು ಹೀಗೆ ಕಣ್ಣಿಗೆ ಕಾಣದಂಥವು ಎಂದು ನಾನು ನಂಬುತ್ತೇನೆ.

ಯಾವ ಕಾರಿಗೆ ಕತ್ತರಿ ಹಾಕಬಾರದು

ಎಲ್ಲ ಹಳೆಯ ಕಾರುಗಳೂ ಸಮಾನವಲ್ಲ. ಕೆಲವು ಹುಟ್ಟಿದ್ದೇ ರೇಸಿನ ನಿಯಮಕ್ಕಾಗಿ. ಬಿಎಂಡಬ್ಲ್ಯೂ ಇ30 ಎಂ3 ರಸ್ತೆಗೆ ಬಂದದ್ದು ಗ್ರೂಪ್ ಎ ರೇಸಿಂಗಿಗೆ ಅರ್ಹತೆ ಪಡೆಯಲು. ಅದಕ್ಕೆ ಹನ್ನೆರಡು ತಿಂಗಳಲ್ಲಿ 5,000 ಕಾರು ತಯಾರಿಸಬೇಕಿತ್ತು. ಪೋರ್ಷೆ 911 ಕರೇರಾ ಆರ್‌ಎಸ್ 2.7 ತಯಾರಾದದ್ದು ಒಟ್ಟು 1,580. ಇಂಥ ಕಾರಿನಲ್ಲಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಗೇರ್‌ಬಾಕ್ಸ್ ಸಂಖ್ಯೆ ಕಾರ್ಖಾನೆಯ ದಾಖಲೆಗೆ ತಾಳೆಯಾಗುತ್ತಿದ್ದರೆ ಅದು ಒಬ್ಬ ಒಡೆಯನ ಸ್ವತ್ತಿಗಿಂತ ದೊಡ್ಡದು. ಅದರ ಬಾಡಿಯನ್ನು ಅಗಲ ಕಮಾನಿಗಾಗಿ ಕತ್ತರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಹಣ, ಹಕ್ಕು ಎರಡೂ ಒಡೆಯನದೇ ಆಗಿದ್ದರೂ ಇಲ್ಲ.

ಇದೇ ಮಾದರಿಯ ಇನ್ನೊಂದು ಕಾರನ್ನು ಊಹಿಸಿಕೊಳ್ಳಿ. ಮೂಲ ಎಂಜಿನ್ ಎಂದೋ ಹೋಗಿದೆ, ಒಂದು ಬದಿ ಅಪಘಾತದಲ್ಲಿ ನುಜ್ಜಾಗಿ ಬೇರೆ ಕಾರಿನ ಪ್ಯಾನಲ್ ಬೆಸೆದಿದ್ದಾರೆ, ಬಣ್ಣ ಮೂರು ಸಲ ಬದಲಾಗಿದೆ, ಒಳಗಿನ ಸೀಟುಗಳು ಇಲ್ಲ. ಇದನ್ನು ಕಾರ್ಖಾನೆಯ ಸ್ಥಿತಿಗೆ ತರಲು ಹೊರಟವನು ಮೂಲವನ್ನು ಉಳಿಸುತ್ತಿಲ್ಲ, ಅದರ ಪ್ರತಿಯನ್ನು ಕೊಂಡ ಬಿಡಿಭಾಗಗಳಿಂದ ಕಟ್ಟುತ್ತಿದ್ದಾನೆ. ಮಾಡಬಾರದೆಂದಲ್ಲ. ಆದರೆ ಇಂಥ ಕಾರು ಮಾರ್ಪಾಡಿಗೆ ಸಹಜವಾಗಿ ಒದಗುತ್ತದೆ. ಇಲ್ಲಿ ರೋಲ್ ಕೇಜ್ (ಕಾರು ಮಗುಚಿದಾಗ ಒಳಗಿರುವವರನ್ನು ಕಾಯುವ ಕೊಳವೆಗಳ ಪಂಜರ) ಬೆಸೆದರೆ, ಬೇರೆ ಎಂಜಿನ್ ಕೂರಿಸಿದರೆ ಇತಿಹಾಸಕ್ಕೆ ನಷ್ಟವಿಲ್ಲ, ಓಡಿಸುವವನಿಗೆ ಲಾಭವಿದೆ. ಸಂಖ್ಯೆಯಲ್ಲಿ ಹೇರಳವಾಗಿರುವ, ಸಾಧಾರಣ ಎಂಜಿನ್ನಿನ ಮಾದರಿಗಳಿಗೂ ಇದೇ ಮಾತು.

ಮೂಲರೂಪದ ಪಕ್ಷದವರು ಮರೆಯುವ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ರಿಸ್ಟೋರೇಷನ್ ಕೂಡ ನಾಶ ಮಾಡುತ್ತದೆ. ಮಾಸಿದ ಮೂಲ ಬಣ್ಣವನ್ನು ತಗಡಿನವರೆಗೆ ಕೆರೆದು ಹೊಳೆಯುವ ಹೊಸ ಬಣ್ಣ ಹೊಡೆದರೆ, ಸವೆದ ಮೂಲ ಚರ್ಮದ ಸೀಟಿಗೆ ಹೊಸ ಹೊದಿಕೆ ಹಾಕಿದರೆ, ಆ ಕಾರು ಹೇಗೆ ತಯಾರಾಗಿತ್ತು ಎಂಬುದರ ಸಾಕ್ಷ್ಯ ಅಳಿಸಿಹೋಗುತ್ತದೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ ತನ್ನ ಟ್ಯೂರಿನ್ ಸನದಿನಲ್ಲಿ ಸಂರಕ್ಷಣೆಗೆ ಮೊದಲ ಮಣೆ ಹಾಕಿದೆ. ಅಂದರೆ ಇರುವುದನ್ನು ಇರುವಂತೆ ಕಾಪಾಡುವುದು, ಬದಲಿಸಲೇಬೇಕಾದರೆ ಕನಿಷ್ಠ ಬದಲಿಸಿ ಅದನ್ನು ದಾಖಲಿಸುವುದು. ಎರಡು ದಾರಿಗಳ ನಡುವೆ ಒದ್ದಾಡುವವರಿಗೆ ಇದು ಮೂರನೆಯ ದಾರಿ. ಯಾಂತ್ರಿಕ ಭಾಗಗಳನ್ನೆಲ್ಲ ಸುಸ್ಥಿತಿಗೆ ತಂದು, ಬಣ್ಣ ಮತ್ತು ಒಳಾಂಗಣವನ್ನು ತೊಳೆದು ಹಾಗೆಯೇ ಬಿಡುವುದು. ಸಣ್ಣ ಗೀರುಗಳಿರುವ, ಒಂದೇ ಮೂಲ ಬಣ್ಣದ, ಚೆನ್ನಾಗಿ ಓಡುವ ಕಾರಿನ ಮುಂದೆ ನನಗೆ ಪೂರ್ತಿ ಹೊಸದಾಗಿ ಮಾಡಿದ ಕಾರು ಸಪ್ಪೆ ಎನಿಸುತ್ತದೆ.

ಬಿಡಿಭಾಗ ಸಿಗುತ್ತದೆಯೇ ಎಂಬ ಪ್ರಶ್ನೆ ಎಷ್ಟೋ ಸಲ ತೀರ್ಮಾನವನ್ನು ತಾನೇ ಮಾಡಿಬಿಡುತ್ತದೆ. ಬೇರಿಂಗ್, ಗ್ಯಾಸ್ಕೆಟ್, ಬ್ರೇಕ್ ಪ್ಯಾಡ್‌ಗಳಿಗೆ ತೊಂದರೆ ಇಲ್ಲ. ಕಾಡುವುದು ಬೇರೆಯವು: ಹೆಡ್‌ಲೈಟ್ ಮನೆ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಬಾಗಿಲಿನ ರಬ್ಬರ್, ಆ ಮಾದರಿಗೆ ಮಾತ್ರ ಹೊಂದುವ ಬಂಪರ್, ಎಂಜಿನ್ ನಿಯಂತ್ರಿಸುವ ಇಸಿಯು. 1990ರ ದಶಕದ ಹಲವು ಇಸಿಯುಗಳ ಒಳಗಿನ ಕೆಪಾಸಿಟರ್‌ಗಳು ವಯಸ್ಸಾಗಿ ದ್ರವ ಸೋರಿಸಿ ಸರ್ಕ್ಯೂಟ್ ಹಲಗೆಯ ತಾಮ್ರವನ್ನೇ ತಿನ್ನುತ್ತವೆ. ಬೇಗ ಕಂಡುಹಿಡಿದರೆ ಕೆಪಾಸಿಟರ್ ಬದಲಿಸಿ ಉಳಿಸಬಹುದು. ತಯಾರಕರು ಈಚೆಗೆ ಈ ಕಡೆ ಗಮನ ಕೊಟ್ಟಿರುವುದು ಸಂತೋಷದ ವಿಷಯ. ನಿಸ್ಸಾನಿನ ನಿಸ್ಮೋ ವಿಭಾಗ 2017ರಲ್ಲಿ ಆರ್32ಕ್ಕೆ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿತು, ಟೊಯೊಟಾ 2020ರಲ್ಲಿ ಎ70 ಮತ್ತು ಎ80 ಸುಪ್ರಾಗಳಿಗಾಗಿ ಇಂಥದ್ದೇ ಯೋಜನೆ ಶುರು ಮಾಡಿತು. ಒಂದು ನಟ್ ಬಿಚ್ಚುವ ಮೊದಲೇ, ಬೇಕಾಗುವ ಭಾಗಗಳಲ್ಲಿ ತಯಾರಿಕೆ ನಿಂತವು ಯಾವುವು ಎಂದು ಪಟ್ಟಿ ಮಾಡಿ. ಆ ಪಟ್ಟಿ ಉದ್ದವಾಗಿದ್ದರೆ ಶುದ್ಧ ಮೂಲರೂಪದ ಆಸೆ ವರ್ಷಗಟ್ಟಲೆ ಹುಡುಕಾಟಕ್ಕೆ ಕಟ್ಟಿಹಾಕುತ್ತದೆ.

ಬಲ ಹೆಚ್ಚಿಸಿದಾಗ ಆಗುವುದು

ಇನ್ನು ಮಾರ್ಪಾಡಿನ ಮಾತು. ವೇಗದ ಕಾರನ್ನು ವಿನ್ಯಾಸ ಮಾಡಿದವರು ಎಂಜಿನ್, ಗೇರ್, ಬ್ರೇಕ್, ಟೈರು, ತೂಕ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿರುತ್ತಾರೆ. ಒಂದನ್ನು ಎಳೆದರೆ ಉಳಿದವೂ ಎಳೆದುಕೊಂಡು ಬರುತ್ತವೆ. ಬೂಸ್ಟ್ ಹೆಚ್ಚಿಸಿದರೆ ಸಿಲಿಂಡರಿಗೆ ಹೆಚ್ಚು ಗಾಳಿ ಹೋಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಹೋಗಬೇಕು. ಹಳೆಯ ಇಂಜೆಕ್ಟರ್, ಹಳೆಯ ಪಂಪ್ ಅಷ್ಟು ಪೂರೈಸದಿದ್ದರೆ ಮಿಶ್ರಣ ತೆಳುವಾಗುತ್ತದೆ, ಒಳಗೆ ಉಷ್ಣ ಏರುತ್ತದೆ, ಹೊತ್ತಿಗೆ ಮುಂಚೆ ಸಿಡಿತ ಶುರುವಾಗುತ್ತದೆ. ಸಾಮಾನ್ಯ ಎಂಜಿನ್ನಿನಲ್ಲಿ ಅದು ಪಿಸ್ಟನ್ನನ್ನು ಕರಗಿಸುತ್ತದೆ ಅಥವಾ ಒಡೆಯುತ್ತದೆ, ರೋಟರಿಯಲ್ಲಿ ರೋಟರಿನ ತುದಿಯ ಏಪೆಕ್ಸ್ ಸೀಲನ್ನು ಮುರಿಯುತ್ತದೆ. ಇಂಧನ ಸರಿಯಾಯಿತು ಎಂದುಕೊಂಡರೆ ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ರೇಡಿಯೇಟರ್ ಸಾಲುವುದಿಲ್ಲ. ಅವೂ ಆದವು ಎಂದರೆ ಕ್ಲಚ್ ಜಾರುತ್ತದೆ. ಗಟ್ಟಿ ಕ್ಲಚ್ ಹಾಕಿಸಿದರೆ ಪೆಟ್ಟು ಗೇರ್‌ಬಾಕ್ಸಿಗೆ, ಆಕ್ಸಲ್ಲಿಗೆ ಹೋಗುತ್ತದೆ.

ಬ್ರೇಕಿನ ಲೆಕ್ಕ ಇನ್ನೂ ಕಟ್ಟುನಿಟ್ಟು. ಚಲಿಸುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿಲೋಮೀಟರ್‌ನಿಂದ ನಿಲ್ಲಿಸುವುದಕ್ಕಿಂತ 120ರಿಂದ ನಿಲ್ಲಿಸಲು ಬ್ರೇಕ್ ಶೇ 44ರಷ್ಟು ಹೆಚ್ಚು ಶಾಖವನ್ನು ನುಂಗಬೇಕು. ಹಾಗಾಗಿ ಕ್ರಮ ತಿರುಗುಮುರುಗಾಗಬೇಕು: ಮೊದಲು ಟೈರು ಮತ್ತು ಬ್ರೇಕ್, ಆಮೇಲೆ ತಂಪುಗೊಳಿಸುವ ವ್ಯವಸ್ಥೆ, ಕೊನೆಗೆ ಬಲ. ಇದನ್ನು ಬಿಟ್ಟು ಬಲದಿಂದ ಶುರು ಮಾಡಿದ ಕಾರುಗಳು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತವೆ. ನೇರ ರಸ್ತೆಯಲ್ಲಿ ಒಂದು ಕ್ಷಣ ಬೆರಗು, ಮೊದಲ ತಿರುವು ಬಂದಾಗ ಭಯ.

ಕಾರನ್ನು ತಗ್ಗಿಸುವುದು ಎಲ್ಲರೂ ಮೊದಲು ಕೈಹಾಕುವ ಕೆಲಸ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವ ಸಸ್ಪೆನ್ಷನ್) ಇರುವ ಕಾರಿನಲ್ಲಿ ಕೆಳತೋಳು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿರುತ್ತದೆ. ಕಾರನ್ನು ತೀರಾ ಇಳಿಸಿದರೆ ತೋಳಿನ ಚಕ್ರದ ಕಡೆಯ ತುದಿ ಮೇಲೆದ್ದು ನಿಲ್ಲುತ್ತದೆ. ಆಗ ಕಾರು ವಾಲುವ ಕೇಂದ್ರ ಅದರ ಗುರುತ್ವಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ, ಎರಡರ ನಡುವಿನ ಅಂತರ ಹೆಚ್ಚುತ್ತದೆ, ತಿರುವಿನಲ್ಲಿ ಕಾರನ್ನು ವಾಲಿಸುವ ಬಲ ಮೊದಲಿಗಿಂತ ಜಾಸ್ತಿಯಾಗುತ್ತದೆ. ತಗ್ಗಿಸಿದ ಕಾರು ಕಡಿಮೆ ವಾಲಬೇಕಿತ್ತಲ್ಲ ಎಂದು ಗಾಬರಿಯಾಗಿ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಒಂದೆರಡು ಸೆಂಟಿಮೀಟರ್ ಇಳಿಸುವುದು ಬೇರೆ, ಚಕ್ರ ಕಮಾನಿನೊಳಗೆ ಹೂತುಹೋಗುವಂತೆ ಇಳಿಸುವುದು ಬೇರೆ. ಪಾಲಿಯುರೆಥೇನ್ ಬುಷ್‌ಗಳ ವಿಷಯದಲ್ಲೂ ಎಚ್ಚರ ಬೇಕು: ಒಂದೇ ಅಕ್ಷದ ಮೇಲೆ ತಿರುಗುವ ತೋಳಿಗೆ ಅವು ಒಳ್ಳೆಯವು, ಹಲವು ದಿಕ್ಕಿಗೆ ಹೊರಳಬೇಕಾದ ಟ್ರೇಲಿಂಗ್ ಆರ್ಮಿಗೆ ಹಾಕಿದರೆ ಬಿಗಿಹಿಡಿದು ಸಸ್ಪೆನ್ಷನ್ನಿನ ಚಲನೆಗೇ ಅಡ್ಡಿಯಾಗುತ್ತವೆ.

ಎಂಜಿನ್ನಿನ ಸ್ವಭಾವವೂ ಲೆಕ್ಕಕ್ಕೆ ಬರಬೇಕು. 1999ರಲ್ಲಿ ಬಂದ ಹೋಂಡಾ ಎಸ್2000ದ 2 ಲೀಟರ್ ಎಂಜಿನ್ ಟರ್ಬೊ ಇಲ್ಲದೆಯೇ ನಿಮಿಷಕ್ಕೆ ಸುಮಾರು 9,000 ಸುತ್ತು ಏರುತ್ತದೆ. ಆ ಕಾರಿನ ಆನಂದವೆಲ್ಲ ಆ ಕೊನೆಯ ಏರಿಕೆಯಲ್ಲಿದೆ. ಅದಕ್ಕೆ ಟರ್ಬೊ ಕೂರಿಸಿದರೆ ಕಾರು ಖಂಡಿತ ವೇಗವಾಗುತ್ತದೆ, ಆದರೆ ಕಾರನ್ನು ಕೊಳ್ಳಲು ಕಾರಣವಾದ ಗುಣ ಮರೆಯಾಗಬಹುದು. ಬೇರೆ ಎಂಜಿನ್ ಕೂರಿಸುವವರು ಹೊಸ ಎಂಜಿನ್ನಿನ ತೂಕ ಮುಂದಿನ ಚಕ್ರಗಳ ಮೇಲೆ ಎಷ್ಟು ಬೀಳುತ್ತದೆ ಎಂದು ತೂಗಿ ನೋಡಬೇಕು. ಶಕ್ತಿ ದುಪ್ಪಟ್ಟಾದ ಕಾರು ತಿರುಗಲು ಒಲ್ಲೆ ಎಂದರೆ ಏನು ಸುಖ?

ಹಿಂದಕ್ಕೆ ಬರಲಾಗುವ ಕೆಲಸ, ಬರಲಾಗದ ಕೆಲಸ ಎಂಬ ಗೆರೆ ಇಲ್ಲೇ ಉಪಯೋಗಕ್ಕೆ ಬರುತ್ತದೆ. ಬೋಲ್ಟ್ ಹಾಕಿ ಜೋಡಿಸುವ ಶಾಕ್ ಅಬ್ಸಾರ್ಬರ್, ಬ್ರೇಕ್, ಸೈಲೆನ್ಸರ್, ಅಲಾಯ್ ವೀಲ್, ಮೂಲ ಕನೆಕ್ಟರಿಗೇ ಸಿಕ್ಕಿಸುವ ಇಸಿಯು, ಇವೆಲ್ಲ ಒಂದು ವಾರಾಂತ್ಯದಲ್ಲಿ ಹಿಂದಿನಂತಾಗುತ್ತವೆ. ಫೆಂಡರ್ ಕತ್ತರಿಸುವುದು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಾದ ಫೈರ್‌ವಾಲ್ ಕೊರೆಯುವುದು, ವೈರಿಂಗ್ ತುಂಡರಿಸಿ ಬೆಸೆಯುವುದು, ಒಳಗಿನ ಶಬ್ದನಿರೋಧಕ ಪದರವನ್ನು ಕೆರೆದು ಬಿಸಾಡುವುದು, ಇವು ಹಿಂದಕ್ಕೆ ಬರುವುದಿಲ್ಲ. ಮೊದಲ ಗುಂಪಿನ ಕೆಲಸಕ್ಕೆ ಧಾರಾಳವಾಗಿ ಮನಸ್ಸು ಮಾಡಿ. ಎರಡನೆಯದಕ್ಕೆ ಕಾರಿನ ಮೂಲತನ ಈಗಾಗಲೇ ಹೋಗಿದೆ ಎಂಬುದು ಖಚಿತವಾದ ಮೇಲೆ ಮಾತ್ರ ಕೈಹಾಕಿ. ವೈರಿಂಗ್ ಬಗ್ಗೆ ನನಗೆ ಇನ್ನೂ ಹೆಚ್ಚಿನ ಕಳವಳವಿದೆ. ತಗಡಿನ ತಪ್ಪು ಕಣ್ಣಿಗೆ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಯಾರೋ ಟೇಪ್ ಸುತ್ತಿ ಬಿಟ್ಟ ತಂತಿ ಹತ್ತು ವರ್ಷದ ಮೇಲೆ ಬೆಂಕಿ ಹೊತ್ತಿಸಬಹುದು.

ಎಂಜಿನ್ ಬದಲಾವಣೆ, ಬಾಡಿಯ ರಚನೆಯಲ್ಲಿ ಬದಲಾವಣೆ, ಹೊಗೆಯ ಮಿತಿ ಇವುಗಳ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೆಲಸಕ್ಕೆ ಮುಂಗಡ ಕೊಡುವ ಮೊದಲು ನೋಂದಣಿ ಕಚೇರಿಯಲ್ಲಿ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ವಿಮೆ ಕಂಪನಿಗೂ ಪ್ರತಿ ಮಾರ್ಪಾಡನ್ನು ತಿಳಿಸಿ. ಮುಚ್ಚಿಟ್ಟ ಮಾರ್ಪಾಡು ಅಪಘಾತದ ದಿನ ಪರಿಹಾರ ನಿರಾಕರಿಸಲು ಕಾರಣವಾಗುತ್ತದೆ.

ಹಣದ ವಿಷಯದಲ್ಲಿ ಎರಡೂ ದಾರಿ ಸಮಾನವಾಗಿ ನಿಷ್ಠುರ. ಅಪರೂಪದ ಕಾರನ್ನು ಬಿಟ್ಟರೆ ಪೂರ್ಣ ರಿಸ್ಟೋರೇಷನ್ನಿಗೆ ಸುರಿದ ಹಣ ಮಾರಾಟದಲ್ಲಿ ವಾಪಸು ಬರುವುದು ಕಡಿಮೆ. ಮಾರ್ಪಾಡಿಗೆ ಹಾಕಿದ ಹಣ ಇನ್ನೂ ಕಡಿಮೆ ಬರುತ್ತದೆ, ಏಕೆಂದರೆ ಕೊಳ್ಳುವವನು ನಿಮ್ಮ ರುಚಿಗೆ ಬೆಲೆ ಕೊಡುವುದಿಲ್ಲ. ಆದರೆ ಇವೆರಡಕ್ಕಿಂತ ದೊಡ್ಡ ನಷ್ಟ ಪೂರ್ತಿ ಬಿಚ್ಚಿ ಅರ್ಧಕ್ಕೆ ನಿಂತ ಕಾರಿನದು. ಪೆಟ್ಟಿಗೆಗಳಲ್ಲಿ ತುಂಬಿದ ಭಾಗಗಳಾಗಿ ಕೈಯಿಂದ ಕೈಗೆ ಹೋಗುವಾಗ ಅದರ ಒಂದೊಂದೇ ಭಾಗ ಕಳೆದುಹೋಗುತ್ತದೆ. ಆದ್ದರಿಂದ ತುಕ್ಕು ಬಾಡಿಯನ್ನು ತಿನ್ನುತ್ತಿದ್ದರೆ ಹೊರತು, ಇಡೀ ಕಾರನ್ನು ಒಮ್ಮೆಲೇ ಬಿಚ್ಚಬೇಡಿ. ಒಂದು ವರ್ಷ ಮುಂದಿನ ಸಸ್ಪೆನ್ಷನ್, ಮುಂದಿನ ವರ್ಷ ಬ್ರೇಕ್, ಆಮೇಲೆ ಎಂಜಿನ್ ಎಂದು ಹಂತ ಮಾಡಿಕೊಂಡರೆ ನಡುನಡುವೆ ಕಾರು ಓಡುತ್ತಿರುತ್ತದೆ. ಓಡುವ ಕಾರಿನ ಮೇಲಿನ ಆಸೆ ಬತ್ತುವುದಿಲ್ಲ, ಪ್ರತಿ ಹಂತದ ಫಲವನ್ನು ಅನುಭವಿಸಿ ಮುಂದಿನದು ಬೇಕೋ ಬೇಡವೋ ಎಂದು ನಿರ್ಧರಿಸಲೂ ಅವಕಾಶ ಸಿಗುತ್ತದೆ.

ಬಿಚ್ಚಿದ ಮೂಲ ಭಾಗಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಅವು ಕಾರಿನ ಆಸ್ತಿ. ಶಾಕ್ ಅಬ್ಸಾರ್ಬರ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಟರ್ಬೊದ ಬಾಯಿಗಳಿಗೆ ಮುಚ್ಚಳ ಹಾಕಿ, ಯಂತ್ರದಲ್ಲಿ ಕೊರೆದು ನಯಗೊಳಿಸಿದ ಲೋಹದ ಮೈಗೆ ಎಣ್ಣೆ ಸವರಿ ಕವರಿನಲ್ಲಿ ಸುತ್ತಿ, ಇಸಿಯು ಮತ್ತು ರಿಲೇಗಳನ್ನು ತೇವ ತಾಗದ ಡಬ್ಬದಲ್ಲಿಡಿ. ಬೋಲ್ಟ್‌ಗಳನ್ನು ಭಾಗದ ಜೊತೆಗೇ ಚೀಲದಲ್ಲಿ ಕಟ್ಟಿ ಚೀಟಿ ಅಂಟಿಸಿ, ಯಾವ ದಿನ, ಎಷ್ಟು ಕಿಲೋಮೀಟರ್ ಓಡಿದಾಗ ತೆಗೆದದ್ದು ಎಂದು ಅದರ ಮೇಲೆ ಬರೆಯಿರಿ. ಬಿಚ್ಚುವ ಮುಂಚಿನ ಮತ್ತು ಜೋಡಿಸಿದ ಮೇಲಿನ ಚಿತ್ರಗಳು, ರಸೀದಿಗಳು, ಲೀಕ್‌ಡೌನ್ ಪರೀಕ್ಷೆಯ ಅಂಕಿಗಳು, ವೆಲ್ಡಿಂಗ್ ಆದ ಜಾಗಗಳ ಚಿತ್ರ ಎಲ್ಲವೂ ಒಂದೇ ಕಡತದಲ್ಲಿರಲಿ. ಮುಂದೊಂದು ದಿನ ಆ ಕಾರನ್ನು ಕೊಳ್ಳುವವನಿಗೆ ಮೂಲರೂಪವೋ ಮಾರ್ಪಾಡೋ ಎಂದು ಹೊಸದಾಗಿ ತೀರ್ಮಾನಿಸುವ ಹಕ್ಕು ಉಳಿಯುವುದು ಆ ಪೆಟ್ಟಿಗೆ ಮತ್ತು ಆ ಕಡತ ಕಾರಿನ ಜೊತೆ ಹೋದರೆ ಮಾತ್ರ.